ಹೊಲ ಮಾರದೆ ಓದುವ ಓದು: ಯಕೃತ್ತಿನ ಸಂಶೋಧನೆಗೆ ನಮ್ಮ ಮಕ್ಕಳು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ನಮ್ಮ ಹಿರಿಯರ ಗಾದೆ. ಬೇರೆಯವರ ಬುದ್ಧಿಯನ್ನು ಹಳಿಯಬೇಕಾದಾಗ ನಾವು ಈ ಗಾದೆಯನ್ನು ಹೇಳುತ್ತೇವೆ. ಆದರೆ ಕಾಮಾಲೆ ಏಕೆ ಬರುತ್ತದೆ, ಅದನ್ನು ಕಂಡುಹಿಡಿದವರು ಯಾರು, ಅವರು ಅದನ್ನು ಎಲ್ಲಿ ಕಲಿತರು ಎಂದು ಕೇಳುವವರು ಕಡಿಮೆ. ಈ ಸಲ ನಮ್ಮ ಅಂಕಣದಲ್ಲಿ ಆ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇವೆ. ಅವುಗಳಿಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಮಕ್ಕಳ ಓದಿಗೂ ಒಂದು ದಾರಿ ಕಾಣಿಸುತ್ತದೆ.

ಮಂಗೋರ್ ಹಿಲ್‌ನ ಕನ್ನಡ ಮನೆಗಳಲ್ಲಿ ಅನೇಕರ ಬೇರು ಘಟ್ಟದ ಮೇಲಿನ ಊರುಗಳಲ್ಲಿದೆ. ದುಡಿಮೆ ವಾಸ್ಕೋದಲ್ಲಿ, ಹೊಲ ಊರಿನಲ್ಲಿ. ಮುಂಗಾರು ಬಂತೆಂದರೆ ಬಿತ್ತನೆಯ ಚಿಂತೆ, ಸುಗ್ಗಿ ಬಂತೆಂದರೆ ಪಾಲಿನ ಚಿಂತೆ. ಇಂಥ ಮನೆಯ ಮಗಳು ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಸೇರಿ, ಮುಂದೆ ಪಿಎಚ್.ಡಿ. ಮಾಡುತ್ತೇನೆ ಎಂದರೆ ತಂದೆಯ ಕಣ್ಣ ಮುಂದೆ ಮೊದಲು ನಿಲ್ಲುವುದು ಊರಿನ ಎರಡು ಎಕರೆ ಹೊಲ. ಅದನ್ನು ಅಡವಿಡಬೇಕೇ, ಮಾರಬೇಕೇ? ಆ ಲೆಕ್ಕ ಹಾಕುವಷ್ಟರಲ್ಲಿ ಮಗಳ ಓದು ನಿಂತುಹೋಗುತ್ತದೆ.

ಬಂಧುಗಳೇ, ಈ ಲೆಕ್ಕವೇ ತಪ್ಪು. ವಿಜ್ಞಾನದಲ್ಲಿ ಅರ್ಹತಾ ಪರೀಕ್ಷೆ ಗೆದ್ದು ಪಿಎಚ್.ಡಿ. ಮಾಡುವವರಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದೆ. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. ಹಾಗೆ ಹಣ ಪಡೆದು ಕಲಿಯಬಹುದಾದ ವಿಷಯಗಳಲ್ಲಿ ಯಕೃತ್ತಿನ ರೋಗಗಳ ಸಂಶೋಧನೆಯೂ ಒಂದು. ಹೊಲ, ನೀರು, ಕಾಳು, ದನ, ಗರ್ಭಿಣಿ, ಕೂಸು ಇವೆಲ್ಲಕ್ಕೂ ಸಂಬಂಧಪಟ್ಟ ವಿಷಯ ಇದು. ಆದ್ದರಿಂದ ಒಕ್ಕಲು ಮನೆತನದ ಮಕ್ಕಳಿಗೆ ಇದು ಪರಕೀಯ ವಿದ್ಯೆಯೇನೂ ಅಲ್ಲ.

ಯಕೃತ್ತು ಎಂಬ ದುಡಿಮೆಗಾರ

ಬಲಗಡೆಯ ಪಕ್ಕೆಲುಬಿನ ಕೆಳಗೆ ಅಡಗಿ ಕುಳಿತ ಯಕೃತ್ತು, ಅಂದರೆ ಲಿವರ್, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು ಹಸಿದಾಗ ಬಿಡುವುದು, ಜಿಡ್ಡು ಜೀರ್ಣವಾಗಲು ಪಿತ್ತರಸ ತಯಾರಿಸುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ಮದ್ಯ ಮಾತ್ರೆಗಳ ವಿಷವನ್ನು ಮುರಿಯುವುದು ಎಲ್ಲವೂ ಅದರ ಕೆಲಸ. ಒಂದು ಭಾಗ ಕತ್ತರಿಸಿದರೂ ಮತ್ತೆ ಬೆಳೆಯುವ ಶಕ್ತಿ ಅದಕ್ಕಿದೆ. ಆದರೆ ಅದು ಬೇಗ ದೂರು ಹೇಳುವುದಿಲ್ಲ. ಬಹಳಷ್ಟು ಕೆಟ್ಟ ಮೇಲೆಯೇ ಹೊಟ್ಟೆಯಲ್ಲಿ ನೀರು, ಕಾಲಲ್ಲಿ ಬಾವು, ವಾಂತಿಯಲ್ಲಿ ರಕ್ತ ಕಾಣಿಸುತ್ತವೆ.

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹಳದಿ ಬಣ್ಣದ ಒಂದು ವಸ್ತು ಹುಟ್ಟುತ್ತದೆ. ಅದನ್ನು ಪಿತ್ತರಸದೊಡನೆ ಹೊರಹಾಕುವುದೂ ಯಕೃತ್ತಿನ ಕೆಲಸವೇ. ಆ ಕೆಲಸ ನಿಂತಾಗ ಹಳದಿ ಮೈಗೇರುತ್ತದೆ. ಮೊದಲು ಕಣ್ಣಿನ ಬಿಳಿಯಲ್ಲಿ, ಆಮೇಲೆ ಚರ್ಮದಲ್ಲಿ ಕಾಣುತ್ತದೆ. ಇದನ್ನೇ ನಾವು ಕಾಮಾಲೆ ಎನ್ನುತ್ತೇವೆ, ಊರ ಕಡೆ ಕಾಮಣಿ ಎನ್ನುತ್ತೇವೆ. ಅಂದರೆ ಕಾಮಾಲೆ ಒಂದು ರೋಗವಲ್ಲ, ರೋಗದ ಗುರುತು. ಬೆಳೆಯ ಎಲೆ ಹಳದಿಯಾದರೆ ನೀವು ಕಾರಣ ಹುಡುಕುತ್ತೀರಿ: ನೀರು ಹೆಚ್ಚಾಯಿತೇ, ಗೊಬ್ಬರ ಕಡಿಮೆಯಾಯಿತೇ, ಬೇರಿಗೆ ಹುಳ ಬಿತ್ತೇ? ಮನುಷ್ಯನ ಕಣ್ಣು ಹಳದಿಯಾದಾಗಲೂ ಹಾಗೆಯೇ ಹುಡುಕಬೇಕು. ನಮ್ಮ ದೇಶದಲ್ಲಿ ಹಾಗೆ ಹುಡುಕಿದವರ ಎರಡು ಕಥೆಗಳನ್ನು ಇಲ್ಲಿ ಹೇಳುತ್ತೇವೆ.

ಇಪ್ಪತ್ತೈದು ವರ್ಷ ಕಾದ ರಕ್ತ

1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಹರಿವು ಬದಲಾಗಿ, ಕುಡಿಯುವ ನೀರು ಎತ್ತುವ ಜಾಗಕ್ಕೆ ಕೊಳಚೆ ನೀರು ಸೇರಿತು. ಕೆಲವೇ ವಾರಗಳಲ್ಲಿ ಊರಿಗೆ ಊರೇ ಹಳದಿಯಾಯಿತು. 1956ರ ಆರಂಭದ ವೇಳೆಗೆ ಕಾಮಾಲೆಯಾದವರು ಸುಮಾರು 29,000 ಮಂದಿ. ಗರ್ಭಿಣಿಯರಲ್ಲಿ ಸಾವು ಹೆಚ್ಚಾಗಿತ್ತು. ನೀರಿನಿಂದ ಬರುವ ಕಾಮಾಲೆ, ಅಂದರೆ ಇಂದು ಹೆಪಟೈಟಿಸ್ ಎ ಎನ್ನುವ ರೋಗವೇ ಇದು ಎಂದು ಆಗ ಎಲ್ಲರೂ ತಿಳಿದರು.

ರೋಗಿಗಳ ರಕ್ತದ ಕೆಲವು ಮಾದರಿಗಳನ್ನು ತಣ್ಣಗೆ ಕಾಪಾಡಿ ಇಡಲಾಗಿತ್ತು. ಹೆಪಟೈಟಿಸ್ ಎ ಮತ್ತು ಬಿ ಗುರುತಿಸುವ ಪರೀಕ್ಷೆಗಳು ಬಂದ ಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳೂ ಅಮೆರಿಕದ ವಿಜ್ಞಾನಿಗಳೂ ಕೂಡಿ ಆ ಹಳೆಯ ಮಾದರಿಗಳನ್ನು ಪರೀಕ್ಷಿಸಿದರು. 1980ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ಅದು ಎ ಅಲ್ಲ, ಬಿ ಕೂಡ ಅಲ್ಲ. ಯಾರಿಗೂ ತಿಳಿಯದ ಬೇರೊಂದು ವೈರಾಣು! ಅದೇ ವರ್ಷ ಕಾಶ್ಮೀರದ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಇದೇ ಮಾತನ್ನು ಹೇಳಿದರು. 1978ರಲ್ಲಿ ಅಲ್ಲಿ ಕಾಮಾಲೆ ಹಬ್ಬಿದಾಗ ಅವರು ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಎಣಿಸಿ, ರಕ್ತ ಪರೀಕ್ಷೆ ಮಾಡಿಸಿದ್ದರು.

ಆ ವೈರಾಣುವಿಗೆ ಇಂದು ಹೆಪಟೈಟಿಸ್ ಇ ಎಂದು ಹೆಸರು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಇದು ತಗುಲಿದರೆ ನೂರು ಮಂದಿಯಲ್ಲಿ 20ರಿಂದ 25 ಮಂದಿಯವರೆಗೂ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯರಲ್ಲಿ ಮಾತ್ರ ಇದು ಇಷ್ಟು ಉಗ್ರವಾಗುವುದೇಕೆ ಎಂಬುದನ್ನು ವಿಜ್ಞಾನಿಗಳು ಇನ್ನೂ ಪೂರ್ತಿ ಬಿಡಿಸಿಲ್ಲ. ನಮ್ಮ ಮಗಳು ಹೋಗಿ ಬಿಡಿಸಬಹುದಾದ ಗಂಟು ಇದು.

ಕಣದಲ್ಲಿ ಹುಟ್ಟಿದ ಕಾಮಾಲೆ

ಎರಡನೆಯ ಕಥೆ ಹೊಲದ್ದು. 1974ರಲ್ಲಿ ರಾಜಸ್ಥಾನದ ಬನ್ಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. 397 ಮಂದಿ ಮಲಗಿದರು, ಅವರಲ್ಲಿ 106 ಮಂದಿ ಸತ್ತರು. ನೀರಿನ ದೋಷವೆನ್ನೋಣವೆಂದರೆ ಲಕ್ಷಣಗಳು ಹೊಂದಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ ಅದೇ ಮನೆಗಳ ನಾಯಿಗಳೂ ಸಾಯುತ್ತಿದ್ದವು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆ ಮನೆಗಳ ಅಡಿಗೆಮನೆಗೆ ಹೋಗಿ ಗೋವಿನಜೋಳದ ಕಾಳು ತಂದು ಪರೀಕ್ಷಿಸಿದರು. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದಿತ್ತು. ಸರಿಯಾಗಿ ಒಣಗದ ತೆನೆಗಳನ್ನು ಕೂಡಿಟ್ಟಾಗ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸಿಕ್ಕಿತು. ರೊಟ್ಟಿ ತಿಂದವರಿಗೆ ರೋಗ, ರೊಟ್ಟಿಯ ಚೂರು ತಿಂದ ನಾಯಿಗೂ ರೋಗ. ಈ ವಿಷ ಮೊದಲು ಬೆಳಕಿಗೆ ಬಂದದ್ದೂ ಸಾಕುಪ್ರಾಣಿಗಳಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಿದ್ದವು.

ಶೇಂಗಾ, ಗೋವಿನಜೋಳ ಬೆಳೆಯುವ ನಮ್ಮ ಊರುಗಳಿಗೆ ಇದು ದೂರದ ಸುದ್ದಿಯಲ್ಲ. ಒಮ್ಮೆಲೇ ಹೆಚ್ಚು ಹೊಟ್ಟೆಗೆ ಹೋದರೆ ಈ ವಿಷ ಕಾಮಾಲೆ ತರುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೆ ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಹೆಪಟೈಟಿಸ್ ಬಿ ಇದ್ದವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಬೂಷ್ಟು ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲೂ ಈ ವಿಷದ ಅಂಶ ಇಳಿಯುತ್ತದೆ. ಬಿಸಿಲು, ಕಣ, ಕಾಳು, ಹಿಂಡಿ ಬಲ್ಲ ಒಕ್ಕಲಿಗರ ಮಗ ಪ್ರಯೋಗಾಲಯಕ್ಕೆ ಹೋದರೆ, ಪಟ್ಟಣದ ಹುಡುಗನಿಗೆ ಹೊಳೆಯದ ಪ್ರಶ್ನೆ ಅವನಿಗೆ ಹೊಳೆಯುತ್ತದೆ.

ನೆಲನೆಲ್ಲಿಯ ಪಾಠ

ಕಾಮಣಿಯಾದರೆ ನಮ್ಮಲ್ಲಿ ಮಾಲೆ ಹಾಕಿಸುವವರಿದ್ದಾರೆ, ಸುಣ್ಣದ ನೀರಿನಲ್ಲಿ ಕೈ ತೊಳೆಸುವವರಿದ್ದಾರೆ, ಮೈಗೆ ಬರೆ ಹಾಕಿಸುವವರೂ ಇದ್ದಾರೆ. ಇವುಗಳಿಂದ ಗುಣವಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಇಳಿದ ಕೀರ್ತಿ ಮಾಲೆಗೆ ಹೋಗುತ್ತದೆ. ಆದರೆ ಹೆಪಟೈಟಿಸ್ ಬಿ, ಸಿ, ಪಿತ್ತನಾಳದ ಕಲ್ಲು, ಗಡ್ಡೆ ಇವುಗಳಿಂದ ಬಂದ ಕಾಮಾಲೆ ಮಾಲೆಗೆ ಕಾಯುವುದಿಲ್ಲ. ಅಂಥವರು ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಹಾಗಾದರೆ ಹಿತ್ತಲ ಗಿಡವೆಲ್ಲ ನಿರರ್ಥಕವೇ? ಹಾಗೆ ಹೇಳುವುದೂ ವಿಜ್ಞಾನವಲ್ಲ. ನೆಲನೆಲ್ಲಿಯನ್ನು ನೋಡಿ. ಕಾಮಾಲೆಗೆ ತಲೆಮಾರುಗಳಿಂದ ಕೊಡುತ್ತ ಬಂದ ಗಿಡ ಇದು. ಮದ್ರಾಸಿನ ವಿಜ್ಞಾನಿ ಎಸ್. ಪಿ. ತ್ಯಾಗರಾಜನ್ ಅವರು, ಹೆಪಟೈಟಿಸ್ ಬಿ ವೈರಾಣುವಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಮತ್ತಿತರರೊಡನೆ ಕೂಡಿ, ಈ ಗಿಡದ ಪುಡಿಯನ್ನು ಹೆಪಟೈಟಿಸ್ ಬಿ ಹೊತ್ತವರಿಗೆ ಕೊಟ್ಟು ನೋಡಿದರು. 1988ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಬರೀ ಹುಸಿ ಮಾತ್ರೆ ತಿಂದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ಎಲ್ಲರಿಗೂ ಹರ್ಷವಾಯಿತು. ಆದರೆ ಥಾಯ್ಲೆಂಡ್ ಮೊದಲಾದ ಕಡೆ ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಇಂದು ಹೆಪಟೈಟಿಸ್ ಬಿ ರೋಗಕ್ಕೆ ವೈದ್ಯರು ಕೊಡುವ ಔಷಧಿ ಬೇರೆಯೇ.

ಇದರಿಂದ ನಾವು ಕಲಿಯಬೇಕಾದುದು ಗಿಡವನ್ನು ಹಳಿಯುವುದನ್ನಲ್ಲ, ಪರೀಕ್ಷಿಸುವ ಕ್ರಮವನ್ನು. ಒಬ್ಬರಿಗೆ ಗುಣವಾದರೆ ಸಾಲದು. ಕೊಟ್ಟವರನ್ನೂ ಕೊಡದವರನ್ನೂ ಜೊತೆಗಿಟ್ಟು ನೋಡಬೇಕು. ಒಂದು ಊರಲ್ಲಿ ಕಂಡದ್ದು ಇನ್ನೊಂದು ಊರಲ್ಲೂ ಕಾಣಬೇಕು. ಪಿಎಚ್.ಡಿ. ಎಂದರೆ ಈ ಶಿಸ್ತನ್ನು ನಾಲ್ಕೈದು ವರ್ಷ ಗುರುವಿನ ಕೈಕೆಳಗೆ ಕಲಿಯುವುದು. ಹೆಸರಿನ ಮುಂದೆ ‘ಡಾ.’ ಬರುವುದು ಆಮೇಲಿನ ಮಾತು.

ಹಣ ಎಲ್ಲಿಂದ ಬರುತ್ತದೆ?

ಈಗ ತಂದೆತಾಯಿಗಳು ಕೇಳುವ ಮುಖ್ಯ ಪ್ರಶ್ನೆಗೆ ಬರೋಣ. ಭಾರತದಲ್ಲಿ ಜೀವವಿಜ್ಞಾನದ ಸಂಶೋಧನೆಗೆ ದೊಡ್ಡ ಬಾಗಿಲು ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆ. ಎಂ.ಎಸ್ಸಿ. ಮುಗಿಸಿದವರು, ಕೊನೆಯ ವರ್ಷದಲ್ಲಿರುವವರು ಇದನ್ನು ಬರೆಯಬಹುದು. ಇದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆ.ಆರ್.ಎಫ್., ಗೆದ್ದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ತೃಪ್ತಿಕರವೆಂದು ಸಮಿತಿ ಒಪ್ಪಿದರೆ ಮುಂದೆ ಹಿರಿಯ ಫೆಲೋ ಆಗಿ 42,000 ರೂಪಾಯಿ. ಒಟ್ಟು 5 ವರ್ಷದವರೆಗೆ. ಹಾಸ್ಟೆಲು ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಗಳೂ ಇಂಥ ಫೆಲೋಶಿಪ್‌ಗಳನ್ನು ಕೊಡುತ್ತವೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 70,000 ರೂಪಾಯಿಯಿಂದ ಆರಂಭ ಎಂದು ನಿಗದಿಯಾಗಿತ್ತು.

ಎಲ್ಲಿ ಕಲಿಯುವುದು? ದೆಹಲಿಯ ವಸಂತ ಕುಂಜ್‌ನಲ್ಲಿರುವ ಯಕೃತ್ತು ಮತ್ತು ಪಿತ್ತ ವಿಜ್ಞಾನಗಳ ಸಂಸ್ಥೆ, ಅಂದರೆ ಐ.ಎಲ್.ಬಿ.ಎಸ್., ಈ ರೋಗಗಳಿಗೆಂದೇ ದೆಹಲಿ ಸರ್ಕಾರ ಕಟ್ಟಿದ ಆಸ್ಪತ್ರೆ. ಡೀಮ್ಡ್ ವಿಶ್ವವಿದ್ಯಾಲಯವೂ ಹೌದು. ಅಲ್ಲಿ ಪಿಎಚ್.ಡಿ. ಮಾಡಬಹುದು, ರೋಗಿಯ ಹಾಸಿಗೆಯಿಂದ ಪ್ರಯೋಗಾಲಯಕ್ಕೆ ಕೆಲವೇ ಹೆಜ್ಜೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಹೆಪಟೈಟಿಸ್ ಸಂಶೋಧನೆಯಲ್ಲಿ ಹಳೆಯ ಹೆಸರು; ಡಾ. ವಿದ್ಯಾ ಅರಣಕಲ್ಲೆ ಅವರು ಅಲ್ಲಿ ದಶಕಗಳ ಕಾಲ ಈ ವೈರಾಣುಗಳ ಮೇಲೆ ಕೆಲಸ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸೌಮಿತ್ರ ದಾಸ್ ಅವರ ತಂಡ ಹೆಪಟೈಟಿಸ್ ಸಿ ವೈರಾಣುವಿನ ಬಗ್ಗೆ ಹಲವು ವರ್ಷ ಸಂಶೋಧನೆ ನಡೆಸಿ ಅನೇಕ ವಿದ್ಯಾರ್ಥಿಗಳನ್ನು ತಯಾರು ಮಾಡಿದೆ. ಅಫ್ಲಟಾಕ್ಸಿನ್ ವಿಷಯದಲ್ಲಿ ಆಸಕ್ತಿಯಿದ್ದವರಿಗೆ ಹೈದರಾಬಾದಿನ ಪೋಷಣ ಸಂಸ್ಥೆಯೂ ಅದರ ಹತ್ತಿರವೇ ಪಟಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಸ್ಥೆಯೂ ಇವೆ.

ಇಷ್ಟು ದೂರ ಏಕೆ ಎನ್ನುವವರಿಗೆ ಗೋವಾದಲ್ಲೇ ಮೊದಲ ಮೆಟ್ಟಿಲುಗಳಿವೆ. ತಾಳಗಾಂವ್ ಪ್ರಸ್ಥಭೂಮಿಯ ಗೋವಾ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಇದೆ. ಮಂಗೋರ್ ಹಿಲ್‌ನಿಂದ ಬಹು ದೂರವಿಲ್ಲದ ಝುವಾರಿನಗರದಲ್ಲಿ ಬಿಟ್ಸ್ ಪಿಲಾನಿಯ ಗೋವಾ ಆವರಣವಿದೆ. ಅಲ್ಲಿ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದು. ವಿಷಯ ಯಕೃತ್ತೇ ಆಗಬೇಕೆಂದಿಲ್ಲ. ಜೀವಕೋಶ, ವೈರಾಣು, ವಿಷ ಇವುಗಳನ್ನು ಅಳೆಯುವ ಕೈಚಳಕ ಎಲ್ಲಿ ಕಲಿತರೂ ಒಂದೇ.

ಈ ಕೈಚಳಕದ ಬೆಲೆ ನಮ್ಮ ಗುಡ್ಡಕ್ಕೆ ಗೊತ್ತು. 2020ರ ಜೂನ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಗೋವಾದ ಮೊದಲ ಕಂಟೈನ್‌ಮೆಂಟ್ ವಲಯವಾದದ್ದು ಮಂಗೋರ್ ಹಿಲ್. ಬೀದಿಗಳು ಮುಚ್ಚಿದವು, ಮನೆಮನೆಯವರ ಗಂಟಲಿನ ದ್ರವ ತೆಗೆದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಗೋವಾದ ಮಾದರಿಗಳು ಪರೀಕ್ಷೆಗೆ ಪುಣೆಗೆ ಹೋಗಬೇಕಾಗಿತ್ತು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಪ್ರಯೋಗಾಲಯ ಸಿದ್ಧವಾದ ಮೇಲೆ ಇಲ್ಲೇ ಪರೀಕ್ಷೆ ಆರಂಭವಾಯಿತು. ಯಂತ್ರವನ್ನು ಹಣ ಕೊಟ್ಟು ತರಬಹುದು, ಅದನ್ನು ನಂಬಿಗಸ್ತವಾಗಿ ನಡೆಸುವ ಮನುಷ್ಯನನ್ನು ತರಲಾಗದು, ಬೆಳೆಸಬೇಕು. ಅಂದು ಕೊರೊನಾ ವೈರಾಣುವನ್ನು ಗುರುತಿಸಿದ ಪರೀಕ್ಷಾ ವಿಧಾನವೇ ಹೆಪಟೈಟಿಸ್ ಬಿ, ಸಿ ವೈರಾಣು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವುದಕ್ಕೂ ಬೇಕು.

ಸಮುದ್ರದಾಚೆಯ ಬಾಗಿಲು

ಯೂರೋಪಿನಲ್ಲೂ ಒಂದು ಬಾಗಿಲಿದೆ. ಎರಡು ಸಲ ನೊಬೆಲ್ ಪಡೆದ ಮೇರಿ ಸ್ಕ್ಲೋಡೊವ್ಸ್ಕಾ ಕ್ಯೂರಿ ಅವರ ಹೆಸರಿನಲ್ಲಿ ಯೂರೋಪ್ ಒಕ್ಕೂಟ ಡಾಕ್ಟರೇಟ್ ತರಬೇತಿಯ ಜಾಲಗಳಿಗೆ ಹಣ ಕೊಡುತ್ತದೆ. ಹಲವು ದೇಶಗಳ ವಿಶ್ವವಿದ್ಯಾಲಯ, ಆಸ್ಪತ್ರೆ, ಔಷಧ ಕಂಪನಿಗಳು ಕೂಡಿ ಒಂದು ವಿಷಯ ಆರಿಸಿಕೊಂಡು, ಹತ್ತಾರು ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ 3 ವರ್ಷದ ಅವಧಿಗೆ ನೌಕರರಂತೆ ನೇಮಿಸಿಕೊಳ್ಳುತ್ತವೆ. ಸಂಬಳ, ವಿಮೆ, ರಜೆ ಎಲ್ಲ ಉಂಟು. ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಮೊದಲೇ ಪಿಎಚ್.ಡಿ. ಇರಬಾರದು, ಹೋಗಲಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದಿರಬಾರದು.

ಇಂಥ ಒಂದು ಜಾಲ 2017ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾದ ಸಂಶೋಧಕರ ಮುಂದಾಳತ್ವದಲ್ಲಿ ಆರಂಭವಾಯಿತು. ವಿಷಯ, ಕುಡಿಯದವರಲ್ಲೂ ಯಕೃತ್ತಿಗೆ ಕೊಬ್ಬು ತುಂಬುವ ರೋಗ. ಆ ಜಾಲಕ್ಕಿಟ್ಟ ಹೆಸರು ‘ಫ್ವಾ ಗ್ರಾ’. ಬಾತುಕೋಳಿಗೆ ಬಲವಂತವಾಗಿ ಗೋವಿನಜೋಳ ತಿನ್ನಿಸಿ ಅದರ ಯಕೃತ್ತು ಕೊಬ್ಬುವಂತೆ ಮಾಡಿ ಫ್ರಾನ್ಸಿನವರು ತಯಾರಿಸುವ ತಿನಿಸಿನ ಹೆಸರು ಅದು. ಬಾತುಕೋಳಿಗೆ ಬಲವಂತದಿಂದ ಆಗುವುದು ಮನುಷ್ಯನಿಗೆ ಸಿಹಿ, ಎಣ್ಣೆ, ಕುಳಿತ ಬದುಕಿನಿಂದ ಆಗುತ್ತದೆ. ಆ ಜಾಲದ ಅವಧಿ ಮುಗಿದಿದೆ. ಆದರೆ ಬೇರೆ ಬೇರೆ ವಿಷಯಗಳ ಹೊಸ ಜಾಲಗಳಿಗೆ ಒಕ್ಕೂಟ ವರ್ಷ ವರ್ಷವೂ ಅರ್ಜಿ ಕರೆಯುತ್ತದೆ. ನಮ್ಮ ದೇಶದಲ್ಲೂ ಈ ಕೊಬ್ಬಿನ ಯಕೃತ್ತನ್ನು 2021ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲಾಯಿತು.

ತಂದೆತಾಯಿಗಳು ಕೇಳುವ ಪ್ರಶ್ನೆಗಳು

ಯಾವಾಗ ತಯಾರಿ ಆರಂಭಿಸಬೇಕು? ಹನ್ನೊಂದನೆಯ ತರಗತಿಯಲ್ಲೇ. ಜೀವಶಾಸ್ತ್ರ, ರಸಾಯನಶಾಸ್ತ್ರ ಇರುವ ವಿಜ್ಞಾನ ವಿಭಾಗ ಬೇಕು. ಮುಂದೆ ಬಿ.ಎಸ್ಸಿ. ಆಗಬಹುದು, ಕೃಷಿ, ಪಶುವೈದ್ಯ, ಔಷಧ ವಿಜ್ಞಾನದ ಪದವಿಯಿಂದಲೂ ಈ ಕಡೆ ಬರಬಹುದು. 2022ರ ಯು.ಜಿ.ಸಿ. ನಿಯಮದಂತೆ 4 ವರ್ಷದ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಾಧ್ಯವೇ? ಸಾಧ್ಯ. ಆದರೆ ಸಿ.ಎಸ್.ಐ.ಆರ್. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದ್ದರಿಂದ ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವನ್ನು ಬೇಗ ಮಾಡಿಸಿ.

ಹೆಣ್ಣುಮಗಳ ಮದುವೆಯ ಗತಿ? ಮದುವೆಯಾದರೆ ಓದು ನಿಲ್ಲಬೇಕೆಂದಿಲ್ಲ. ಸಂಶೋಧನೆ ಮಾಡುವ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ರಜೆ, ಪ್ರಬಂಧ ಮುಗಿಸಲು 2 ವರ್ಷ ಹೆಚ್ಚಿನ ಅವಕಾಶ ನಿಯಮದಲ್ಲೇ ಇದೆ. ಫೆಲೋಶಿಪ್‌ಗೆ ವಯಸ್ಸಿನ ಮಿತಿಯಲ್ಲೂ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಸಡಿಲಿಕೆ ಇದೆ. ಬೀಗರ ಮುಂದೆ ಇದನ್ನು ಸ್ಪಷ್ಟವಾಗಿ ಮಾತಾಡುವುದು ಹೆತ್ತವರ ಕರ್ತವ್ಯ.

ಇದರಲ್ಲಿ ಕಷ್ಟವಿಲ್ಲವೇ? ಇದೆ. ನೆಟ್ ಪರೀಕ್ಷೆ ಕಠಿಣ. ಮೊದಲ ಸಲವೇ ಗೆಲ್ಲುವವರು ಕಡಿಮೆ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. ಮೂರ್ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡಿರಬೇಕು. ವರ್ಷವಿಡೀ ಮಾಡಿದ ಪ್ರಯೋಗ ಕೈಕೊಡಬಹುದು, ಬಿತ್ತಿದ ಬೆಳೆ ಮಳೆಯಿಲ್ಲದೆ ಹೋದ ಹಾಗೆ. ಪಿಎಚ್.ಡಿ. ಮುಗಿದೊಡನೆ ಕೆಲಸ ಖಾತ್ರಿ ಎಂದೂ ಹೇಳಲಾಗದು. ಕಾಲೇಜು, ಆಸ್ಪತ್ರೆಯ ಪ್ರಯೋಗಾಲಯ, ಲಸಿಕೆ ಮತ್ತು ಔಷಧ ಕಂಪನಿ, ಆಹಾರ ಪರೀಕ್ಷಾ ಕೇಂದ್ರಗಳಲ್ಲಿ ಅವಕಾಶವಿದೆ, ಹುಡುಕಬೇಕು.

ಮಧ್ಯವರ್ತಿಗಳನ್ನು ನಂಬಬಹುದೇ? ಖಂಡಿತ ಬೇಡ. ಪಿಎಚ್.ಡಿ. ಸೀಟು ಕೊಡಿಸುತ್ತೇನೆ, ಪ್ರಬಂಧ ಬರೆಸಿಕೊಡುತ್ತೇನೆ, ವಿದೇಶಕ್ಕೆ ಕಳುಹಿಸುತ್ತೇನೆ ಎಂದು ಲಕ್ಷ ಕೇಳುವವನು ಬಂದರೆ ಬಾಗಿಲು ಹಾಕಿಕೊಳ್ಳಿ. ಫೆಲೋಶಿಪ್‌ನಲ್ಲಿ ನಿಮಗೆ ಹಣ ಬರಬೇಕು, ನಿಮ್ಮಿಂದ ಹೋಗಬಾರದು. ಕೊಡಬೇಕಾದದ್ದು ಪ್ರಕಟಣೆಯಲ್ಲಿ ಹೇಳಿದ ಅರ್ಜಿ ಶುಲ್ಕ, ಸೇರಿದ ಮೇಲೆ ಸಂಸ್ಥೆಯ ರಸೀದಿ ಸಿಗುವ ಶುಲ್ಕ, ಇಷ್ಟೇ. ದರ, ದಿನಾಂಕ, ವಯೋಮಿತಿ ಬದಲಾಗುತ್ತಿರುತ್ತವೆ. ಆ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಿ.

ಅಷ್ಟರವರೆಗೆ ಮನೆಯಲ್ಲಿ ಮಾಡಬೇಕಾದದ್ದು

ಮಕ್ಕಳು ವಿಜ್ಞಾನಿಗಳಾಗುವವರೆಗೆ ಯಕೃತ್ತು ಕಾಯುವುದಿಲ್ಲ. ಈಗಾಗಲೇ ಸಂಶೋಧನೆ ಕೊಟ್ಟ ಫಲವನ್ನಾದರೂ ನಾವು ಉಣ್ಣಬೇಕು.

1. ಮಳೆಗಾಲದಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಗರ್ಭಿಣಿ ಇರುವ ಮನೆಯಲ್ಲಿ ಇದನ್ನು ಒಂದು ದಿನವೂ ತಪ್ಪಿಸಬೇಡಿ.

2. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಕೊಡಿಸಿ. ಮುಂದೆ 6, 10, 14ನೆಯ ವಾರದ ಲಸಿಕೆಗಳಲ್ಲೂ ಅದು ಸೇರಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

3. ಶೇಂಗಾ, ಗೋವಿನಜೋಳವನ್ನು ಕೊಯ್ದೊಡನೆ ಚೆನ್ನಾಗಿ ಒಣಗಿಸಿ. ಕಾಯಿಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಒಡೆದ, ಮುರುಟಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯಿರಿ. ಚೀಲಗಳನ್ನು ನೆಲದ ಮೇಲಲ್ಲ, ಹಲಗೆಯ ಮೇಲಿಡಿ. ಬೂಷ್ಟು ಹಿಡಿದುದನ್ನು ದನಕ್ಕೂ ಹಾಕಬೇಡಿ. ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ.

4. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ. ನಮಗೆ ಹತ್ತಿರದ್ದು ಚಿಕಾಲಿಂ ಆಸ್ಪತ್ರೆ, ದೊಡ್ಡದು ಬಾಂಬೋಳಿಯದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಔಷಧಿ ಉಚಿತ. ಹೆಪಟೈಟಿಸ್ ಸಿ ಹೆಚ್ಚಿನವರಲ್ಲಿ 12 ವಾರದ ಮಾತ್ರೆಯಿಂದ ಗುಣವಾಗುತ್ತದೆ.

5. ಕುಡಿತ ಬಿಡಿ. ಮನೆಮದ್ದೇ ಆಗಲಿ, ಅಂಗಡಿ ಮಾತ್ರೆಯೇ ಆಗಲಿ, ಕಾಮಾಲೆ ಇದ್ದಾಗ ವೈದ್ಯರಿಗೆ ಹೇಳದೆ ನುಂಗಬೇಡಿ.

ಆ 12 ವಾರದ ಮಾತ್ರೆಯ ಹಿಂದೆ ಎಷ್ಟು ಜನ ವಿದ್ಯಾರ್ಥಿಗಳ ದುಡಿಮೆ ಇದೆ ಎಂದು ಯೋಚಿಸಿ. ಹೆಪಟೈಟಿಸ್ ಸಿ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಹೆಸರು ಬಂದದ್ದು ಮೂವರಿಗೆ. ಅವರ ಪ್ರಯೋಗಾಲಯಗಳಲ್ಲಿ ರಾತ್ರಿ ಹಗಲು ಕೊಳವೆ ಹಿಡಿದು ನಿಂತವರು ಎಷ್ಟೋ ಮಂದಿ. ಅವರೂ ಒಂದು ದಿನ ಯಾವುದೋ ಊರಿನ ಬಿ.ಎಸ್ಸಿ. ಓದುವ ಮಕ್ಕಳಾಗಿದ್ದವರೇ.

ಆದುದರಿಂದ ಈ ವರ್ಷ ನಿಮ್ಮ ಮನೆಯಲ್ಲಿ ವಿಜ್ಞಾನ ಓದುವ ಮಗ ಅಥವಾ ಮಗಳಿದ್ದರೆ, ಮುಂದೇನು ಎಂದು ಕೇಳುವಾಗ ಹೊಲದ ಪಹಣಿಯನ್ನು ಪೆಟ್ಟಿಗೆಯಲ್ಲೇ ಇರಗೊಡಿ. ಕಾಲೇಜಿನ ಅಧ್ಯಾಪಕರನ್ನು ಕಂಡು ನೆಟ್ ಪರೀಕ್ಷೆಯ ಬಗ್ಗೆ ವಿಚಾರಿಸಿ. ಬೀಜವನ್ನು ಉಣ್ಣದೆ ಬಿತ್ತನೆಗೆ ಕಾದಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಓದುವ ಮಕ್ಕಳನ್ನೂ ಹಾಗೆಯೇ ನಾಲ್ಕಾರು ವರ್ಷ ಕಾದಿಟ್ಟರೆ, ಮುಂದಿನ ತಲೆಮಾರಿನ ಕಾಮಾಲೆಗೆ ಕಾರಣ ಹುಡುಕುವವರು ನಮ್ಮ ಮನೆಗಳಿಂದಲೇ ಬಂದಾರು.